ನಮ್ಮಲ್ಲಿ ಅದಕ್ಕೆ ಬೇರೆ ಹೆಸರು

ಮದುವೆಯಾದ ಮೂರನೇ ದಿನ
ಮೋಕಾದ ಹಿತ್ತಿಲಲ್ಲಿ ನಿಂತು
ಹಗರಿ ಹೊಳೆಯ ಮರಳಿನ ಕಡೆ ಬೆರಳು ಮಾಡಿ
"ಇಲ್ಲೂ ಎಷ್ಟೊಂದು ಬಳ್ಳಾರಿ ಜಾಲಿ!" ಅಂದುಬಿಟ್ಟೆ.

ಅತ್ತೆ ಹೊನ್ನೂರಮ್ಮ ಕುಡುಗೋಲು ನಿಲ್ಲಿಸಿದಳು.
ಮಾವ ಬಾಯಿಂದ ಬೀಡಿ ತೆಗೆದ.
ನೆಗೆಣ್ಣಿ ಸೆರಗು ಕಚ್ಚಿಕೊಂಡು ಒಳಗೋಡಿದಳು ನಗಲಿಕ್ಕೆ.
"ಏನಂದಿ? ಯಾವೂರ ಜಾಲಿ?"

ನಮ್ಮ ಹಿರಿಯೂರ ಕಡೆ ಹಂಗೇ ಅನ್ನೋದು, ಅಂದೆ.
ಬಸ್ಸಿಗೆ ಅರ್ಧ ಗಂಟೆ ದೂರದ ಬಳ್ಳಾರಿಯ ಹೆಸರು
ಕಣ್ಣೆದುರಿನ ಗಿಡಕ್ಕಿದೆಯೆಂದು
ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.
"ಇದು ಸರ್ಕಾರಿ ಜಾಲಿ ಯವ್ವಾ.
ಸರ್ಕಾರದೋರು ಬೀಜ ಚೆಲ್ಲಿ ಹೋದ್ರು. ನಮ್ದಲ್ಲ."

ನಮ್ಮದಲ್ಲದ್ದನ್ನೇ ಕಡಿದೆವು ಇಪ್ಪತ್ತು ವರ್ಷ.
ಗುಂಡಿ ತೋಡಿ, ಮೇಲೆ ಮಣ್ಣು ಮೆತ್ತಿ,
ಹೊಗೆಯ ಬಣ್ಣ ನೋಡಿ ರಾತ್ರಿಯೆಲ್ಲ ಕಾದು
ಇದ್ದಿಲು ಮಾಡಿ ಮಾರಿದೆವು.

ಕಾಯುವಾಗ ಮಾಡಲಿಕ್ಕೆ ಬೇರೆ ಕೆಲಸವಿಲ್ಲ.
ಹೆಸರುಗಳ ಲೆಕ್ಕ ಹಾಕುತ್ತಿದ್ದೆ.
ಹೊಸದೊಂದು ಬಾಗಿಲಿಗೆ ಬಂದು ನಿಂತರೆ
ಜನ ಮೊದಲು ಅದರ ಹೆಗಲಿಗೆ ಪಕ್ಕದವರ ಊರು ಹೇರುತ್ತಾರೆ.
ಊರು ನೆನಪಾಗದಿದ್ದರೆ ಸೀಮೆ ಅಂತಾರೆ.
ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ.
ಯಾವ ಸೀಮೆ ಅಂತ ಕೇಳಿದವರನ್ನು ಕಾಣೆ,
ಬೇಲಿಯಾಚೆ ಅಂದರೆ ಸಾಕು.

ಸಂತೆಯಲ್ಲಿ ಪೆನ್ನೋಬಳಿ
ತೆಳು ಹಸಿರಿನ ಸುಕ್ಕುಗಾಯಿ ಎತ್ತಿ ಹಿಡಿದು
"ಬೆಂಗಳೂರು ವಂಕಾಯ!" ಎಂದು ತೆಲುಗಲ್ಲಿ ಕೂಗುತ್ತಾನೆ.
ಬೆಂಗಳೂರಿನವರು ಅದನ್ನು ಸೀಮೆಬದನೆ ಅಂತಾರಂತೆ.
ಬದನೆಯೂ ಅಲ್ಲದ ಆ ಬದನೆ
ಯಾರ ಮನೆಯದೂ ಆಗದೆ
ತಕ್ಕಡಿಯಲ್ಲಿ ಕೂತಿದೆ, ಕಾಲು ಕೆಜಿ.

ಬ್ರೂಸ್‌ಪೇಟೆ ಅಂದರೆ ಹಲ್ಲುಜ್ಜುವ ಬ್ರಶ್ಶು ಮಾರುವ ಪೇಟೆ
ಎಂದೇ ಮಾವ ಸಾಯುವವರೆಗೂ ನಂಬಿದ್ದ.
ಮೆಣಸಿನಕಾಯಿ ಹಡಗಿನಲ್ಲಿ ಬಂದದ್ದೆಂದು
ಮಗಳು ಪಾಠದ ಪುಸ್ತಕ ಓದಿ ಹೇಳಿದಾಗ
ಅತ್ತೆಗೆ ಸಿಟ್ಟೇ ಬಂತು:
"ಮತ್ತ ಅದಕ್ಕಿಂತ ಮುಂಚೆ ನಮ್ಮೋರು
ರೊಟ್ಟಿಗೆ ಏನು ಹಚ್ಚಿಕೊಂಡು ಉಣ್ತಿದ್ರು, ಕಣ್ಣೀರಾ?"

ನನ್ನ ಹೆಸರು ಓಬಕ್ಕ. ರೇಷನ್ ಕಾರ್ಡಿನಲ್ಲಿ ಇದೆ.
ಮನೆಯಲ್ಲಿ, ಓಣಿಯಲ್ಲಿ, ಇದ್ದಿಲಿನ ಲಾರಿಯವನ ಬಾಯಲ್ಲಿ
ನಾನು ಹಿರಿಯೂರಾಕಿ.
ಹಿರಿಯೂರಾಕಿ ನೀರು ತಂದ್ಲೇನು?
ಹಿರಿಯೂರಾಕಿ ಮುದ್ದಿ ತಿರುವಿದ್ರೆ ಕಲ್ಲಾದ್ರೂ ಕರಗತೈತಿ.
ತವರಿಗೆ ಹೋದರೆ ಅತ್ತಿಗೆ ಒಳಗಿನಿಂದಲೇ,
"ಬಳ್ಳಾರಿಯೋಳು ಬಂದ್ಲು ಕಣ್ರೀ,
ಮಾತು ಕೇಳಿ, ಅವಳದ್ದು ಪೂರಾ ಬದಲಾಗೈತೆ."
ಚಳ್ಳಕೆರೆ ದಾಟುವ ಹೊತ್ತಿಗೆ, ಕಿಟಕಿಯ ಪಕ್ಕ,
ನನಗೆ ಎರಡು ಹೆಸರೂ ಇರುವುದಿಲ್ಲ.
ಕೈಯಲ್ಲಿ ಬರೀ ಟಿಕೆಟ್ಟು.

ಬಂದ ವರ್ಷವೇ ಹಿಮ್ಮಡಿಗೆ ಮುಳ್ಳು ಹೊಕ್ಕಿತ್ತು.
ಅತ್ತೆ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು
ಎಕ್ಕದ ಹಾಲು ಬಿಟ್ಟು, ತಾಳಿಯ ಪಿನ್ನು ಬಿಚ್ಚಿ
ದೀಪಕ್ಕೆ ಹಿಡಿದು, ಊದಿ, ಕೆದಕಿದಳು.
ನಾನು ಅಳುತ್ತಲೇ "ಬಳ್ಳಾರಿ ಜಾಲಿ" ಅಂದೆ.
ಅವಳು ಬಾಗಿಸಿದ ತಲೆ ಎತ್ತದೆ "ಸರ್ಕಾರಿ ಜಾಲಿ" ಅಂದಳು.
"ಸುಮ್ಕಿರು. ಮೊದಲು ಹೊರಗ ಬರಲಿ,
ಆಮ್ಯಾಲ ಹೆಸರಿಡೂಣು."

ಅರ್ಧ ಬಂತು. ತುದಿ ಒಳಗೇ ಮುರಿಯಿತು.

ಹೊನ್ನೂರಮ್ಮ ಹೋಗಿ ಒಂಬತ್ತು ವರ್ಷ.
ಇದ್ದಿಲಿನ ಗುಂಡಿಯಿದ್ದಲ್ಲಿ ಈಗ ಮೊಬೈಲ್ ಟವರು.
ಚಳಿ ಬಿದ್ದ ಬೆಳಿಗ್ಗೆ ನೆಲಕ್ಕೆ ಕಾಲೂರಿದರೆ
ಹಿಮ್ಮಡಿಯ ಒಳಗೆ ಎಲ್ಲೋ ಚುರ್ ಅನ್ನುತ್ತದೆ.
ಏನಾಯ್ತಜ್ಜಿ, ಅನ್ನುತ್ತದೆ ಮೊಮ್ಮಗು.
ಏನಿಲ್ಲ, ಅನ್ನುತ್ತೇನೆ.